ಹದಿನಾರು ಸೊನ್ನೆ

ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಕೆಲಸ ಮಾಡಿದ ಕಂಪನಿ ಇದೆ. ಅದರ ಗೇಟಿನ ಪಕ್ಕದ ಹಲಗೆಯ ಮೇಲೆ ಒಬ್ಬ ಮನುಷ್ಯನ ಫೋಟೋ ಅಂಟಿಸಿದರು. ಫೋಟೋದ ಕೆಳಗೆ ಅವನ ಹೆಸರು, ಅವನ ತಂದೆಯ ಹೆಸರು, ಊರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ಮಾಹಿತಿ ಕಳವು. ಒಳಗೆ ಬಿಡಕೂಡದು.’ ಆ ರಸ್ತೆಯುದ್ದಕ್ಕೂ ಸಣ್ಣ ದೊಡ್ಡ ವರ್ಕ್‌ಶಾಪುಗಳಿವೆ. ಒಂದು ಗೇಟಿನಲ್ಲಿ ಕಳ್ಳ ಅನ್ನಿಸಿಕೊಂಡವನಿಗೆ ಇನ್ನೊಂದು ಗೇಟು ತೆರೆಯುವುದಿಲ್ಲ.

ಅವನು ಏನನ್ನೂ ಕದ್ದಿರಲಿಲ್ಲ. ಅದನ್ನು ಹೇಳುವುದಕ್ಕೇ ನಾನು ಬರೆಯಲು ಕೂತಿದ್ದೇನೆ. ಈ ಸಾಫ್ಟ್‌ವೇರ್ ವೃತ್ತಿಗೆ ಹೊಸದಾಗಿ ಬರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದವರು ಇನ್ನೇನನ್ನೋ ನಿರೀಕ್ಷಿಸಿದ್ದರು. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು. ಅದು ಇಲ್ಲಿಲ್ಲ. ಮೊದಲ ಕರಡಿನಲ್ಲಿ ನಾನು ಎಲ್ಲರ ಹೆಸರನ್ನೂ ಬರೆದಿದ್ದೆ. ಸಂಪಾದಕರು ಫೋನ್ ಮಾಡಿ, “ಕಂಪನಿ, ಮ್ಯಾನೇಜರ್, ಇನ್‌ಸ್ಪೆಕ್ಟರ್, ಈ ಹೆಸರುಗಳನ್ನು ತೆಗೆಯೋಣ ಮೇಡಂ, ಸುಮ್ಮನೆ ತಾಪತ್ರಯ” ಅಂದರು. ತೆಗೆದೆ. ಹಾಗಾಗಿ ಇಲ್ಲಿ ಮ್ಯಾನೇಜರ್ ಅಂದರೆ ಬರೀ ಮ್ಯಾನೇಜರ್.

ಇನ್ನೊಂದು ಮಾತು. ನಿವೃತ್ತರ ನೆನಪನ್ನು ಪೂರ್ತಿ ನಂಬಬೇಡಿ. ಅದರಲ್ಲಿ ಎಲ್ಲರೂ ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡುತ್ತಾರೆ. ಹೇಳುವವರು ಯಾವಾಗಲೂ ಎದ್ದು ನಿಂತಿರುತ್ತಾರೆ. ನಾನು ಬಹಳ ಸಲ ಕೂತೇ ಇದ್ದೆ.

ನಾವು ಮಾಡುತ್ತಿದ್ದುದು ಒಂದು ಪೆಟ್ಟಿಗೆ. ಕಲ್ಲು ಕ್ವಾರಿಗಳಲ್ಲಿ ದುಡಿಯುವ ದೊಡ್ಡ ಲೋಡರುಗಳ ಕ್ಯಾಬಿನ್ನಿನಲ್ಲಿ, ಡ್ರೈವರನ ಬಲಮೊಣಕಾಲಿನ ಹತ್ತಿರ ಅದು ಕೂರುತ್ತದೆ. ಎಂಜಿನ್ ಎಷ್ಟು ಬಿಸಿಯಾಗಿದೆ, ಎಣ್ಣೆಯ ಒತ್ತಡ ಎಷ್ಟಿದೆ, ಬಕೆಟ್ಟಿನಲ್ಲಿ ಎಷ್ಟು ಭಾರ ಇದೆ, ಯಂತ್ರ ಎಷ್ಟು ವಾಲಿದೆ, ಎಲ್ಲವನ್ನೂ ಅದು ನೋಡುತ್ತಿರುತ್ತದೆ. ಭಾರ ಮಿತಿ ಮೀರಿದರೆ ಮೊದಲು ಕಿರುಚುತ್ತದೆ. ಆಮೇಲೂ ಕೇಳದಿದ್ದರೆ ಬಕೆಟ್ ಮೇಲೇಳದಂತೆ ಹಿಡಿದು ನಿಲ್ಲಿಸುತ್ತದೆ. ಆ ಪೆಟ್ಟಿಗೆಯ ಸಾಫ್ಟ್‌ವೇರ್ ನನ್ನ ವಿಭಾಗದ್ದು.

ಪೆಟ್ಟಿಗೆಯೊಳಗೆ ಒಂದು ಆಪರೇಟಿಂಗ್ ಸಿಸ್ಟಂ ಇರುತ್ತದೆ. ಅದರ ಒಳಮನೆಗೆ ಕರ್ನಲ್ ಅನ್ನುತ್ತೇವೆ. ಉಳಿದ ಪ್ರೋಗ್ರಾಂಗಳೆಲ್ಲ ಏನು ಮಾಡಬೇಕಾದರೂ ಕರ್ನಲ್ಲನ್ನು ಕೇಳಬೇಕು. ಕರ್ನಲ್ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಹಿಡಿದವನಿಗೆ ಯಂತ್ರವೇ ಕೈವಶ. ಕರ್ನಲ್ಲಿನ ಒಂದೊಂದು ತುಂಡೂ ಮೆಮೊರಿಯಲ್ಲಿ ಒಂದೊಂದು ಜಾಗದಲ್ಲಿ ಕೂತಿರುತ್ತದೆ. ಆ ಜಾಗವನ್ನು ತೋರಿಸುವ, ಹದಿನಾರು ಅಂಕಿ ಅಕ್ಷರಗಳ ಉದ್ದನೆಯ ಸಂಖ್ಯೆಯೇ ಮೆಮೊರಿ ವಿಳಾಸ.

ಕೆಜಿಎಫ್‌ನವರಿಗೆ ಇದನ್ನು ವಿವರಿಸುವುದು ಸುಲಭ. ಚಾಂಪಿಯನ್ ರೀಫ್ಸ್‌ನ ಕೆಳಗೆ ಚಿನ್ನದ ಗಣಿಯ ಸುರಂಗಗಳ ಇನ್ನೊಂದು ಊರೇ ಇದೆ. ಕಿಡಿಗೇಡಿಯೊಬ್ಬ ಹೇಗೋ ಕೆಳಗಿಳಿದ ಅಂದುಕೊಳ್ಳಿ. ಯಾವ ಸುರಂಗ ಎಲ್ಲಿದೆ ಎಂದು ಗೊತ್ತಿಲ್ಲದೆ ಕತ್ತಲಲ್ಲಿ ತಡವರಿಸುವುದಷ್ಟೇ ಅವನ ಪಾಡು. ಅವನ ಕೈಗೆ ನಕಾಶೆ ಕೊಟ್ಟರೆ ಕಥೆ ಬೇರೆ. ಕರ್ನಲ್ಲಿನಲ್ಲಿ ಸಣ್ಣ ಬಿರುಕುಗಳು ಯಾವಾಗಲೂ ಇರುತ್ತವೆ. ಬಿರುಕಿನಿಂದ ಒಳಗೆ ಕೈ ಹಾಕಿದವನಿಗೆ ಎಲ್ಲಿ ಹಿಡಿಯಬೇಕೆಂದು ಹೇಳಿಕೊಡುವುದೇ ವಿಳಾಸ. ಅದಕ್ಕೇ ಈಗಿನ ಸಿಸ್ಟಂಗಳು ಪ್ರತಿ ಸಲ ಚಾಲೂ ಆದಾಗಲೂ ತಮ್ಮ ತುಂಡುಗಳ ಜಾಗವನ್ನು ಬದಲಿಸಿಕೊಳ್ಳುತ್ತವೆ. ಬೆಳಿಗ್ಗೆಯ ನಕಾಶೆ ಮಧ್ಯಾಹ್ನಕ್ಕೆ ಉಪಯೋಗವಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಒಬ್ಬನ ಮಾನ ಇದರ ಮೇಲೆ ನಿಲ್ಲುತ್ತದೆ.

ಆದರೆ ಕರ್ನಲ್ಲಿಗೆ ಬಾಯಿ ಹೆಚ್ಚು. ಚಾಲೂ ಆಗುವಾಗ ತಾನು ಏನೇನು ಮಾಡುತ್ತಿದ್ದೇನೆ ಎಂದು ಪರದೆಯ ಮೇಲೆ ಸಾಲು ಸಾಲಾಗಿ ಹೇಳಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಲಾಗ್ ಎಂದು ಹೆಸರು. ನಾವು ಕಲಿತ ಕಾಲದಲ್ಲಿ ಲಾಗ್ ಉದ್ದವಾದಷ್ಟೂ ಪ್ರೋಗ್ರಾಮರ್ ಶ್ರದ್ಧೆಯವನು ಎಂಬ ನಂಬಿಕೆ ಇತ್ತು. ‘ಇಲ್ಲಿಗೆ ಬಂದೆ, ಈ ವಿಳಾಸದಲ್ಲಿ ಇದ್ದೇನೆ, ಅಲ್ಲಿಗೆ ಹೊರಟೆ’ ಎಂದು ಕಂಡಕಂಡಲ್ಲಿ ವಿಳಾಸ ಅಚ್ಚು ಹಾಕುತ್ತಿದ್ದೆವು. ತಪ್ಪು ಹುಡುಕಲು ಅನುಕೂಲ. ಜಾಗ ಬದಲಿಸಿ ಅಡಗಿಕೊಳ್ಳುವ ಕರ್ನಲ್ ತಾನೇ ಎದ್ದು ನಿಂತು ಇಲ್ಲಿದ್ದೇನೆ ಎಂದು ಕೂಗಿದರೆ ಅಡಗಿ ಏನು ಬಂತು ಎಂಬ ಪ್ರಶ್ನೆ ಆಗ ನಮಗೆ ಏಳಲಿಲ್ಲ. ಎದ್ದ ಮೇಲೆ, ವಿಳಾಸ ಬರುವ ಕಡೆಯೆಲ್ಲ ಸೊನ್ನೆ ಬರುವಂತೆ ಮಾಡಿದೆವು. ಸಿಸ್ಟಮ್ಮಿನಲ್ಲಿ ಅದಕ್ಕೆಂದೇ ಒಂದು ಸೆಟ್ಟಿಂಗ್ ಇದೆ. ಹದಿನಾರು ಅಂಕಿಗಳ ಜಾಗದಲ್ಲಿ ಹದಿನಾರು ಸೊನ್ನೆ. ನೋಡಲು ಬೋಳು ಗೋಡೆಯ ಹಾಗೆ. ನನಗೆ ಬಹಳ ಇಷ್ಟವಾಗಿತ್ತು.

ಇನ್‌ಸ್ಪೆಕ್ಟರಿಗೆ ಆಗಲಿಲ್ಲ.

ಈ ಇನ್‌ಸ್ಪೆಕ್ಟರ್ ನಮ್ಮ ಪೆಟ್ಟಿಗೆಗಳನ್ನು ಕೊಳ್ಳುವವರ ಕಡೆಯಿಂದ ಬರುತ್ತಿದ್ದವರು. ಕಬ್ಬಿಣದ ಮನುಷ್ಯ. ಬೆಸುಗೆಯ ಮೇಲೆ ಉಗುರು ಎಳೆದು ಒಳಗೆ ಗಾಳಿ ಗುಳ್ಳೆ ಇದೆ ಅನ್ನುತ್ತಿದ್ದರು, ಇರುತ್ತಿತ್ತು. ಅವರು ಮಾಡಿದ ಒಂದು ಪದ್ಧತಿ ಇತ್ತು. ಪರೀಕ್ಷೆಯಾದ ಪ್ರತಿ ಪೆಟ್ಟಿಗೆಯನ್ನೂ ಚಾಲೂ ಮಾಡಿ, ಪರದೆಯ ಮೇಲೆ ಲಾಗ್ ಬರುತ್ತಿರುವಾಗ, ಪೆಟ್ಟಿಗೆಯ ನಂಬರ್ ಪ್ಲೇಟನ್ನು ಪರದೆಯ ಪಕ್ಕ ಹಿಡಿದು ಫೋಟೋ ತೆಗೆದು ಫೋನಿನಲ್ಲಿ ಅವರಿಗೆ ಕಳಿಸಬೇಕು. ಫೋಟೋ ಇಲ್ಲದೆ ಪೆಟ್ಟಿಗೆ ಲಾರಿ ಹತ್ತುವಂತಿಲ್ಲ. ಫೋಟೋ ತೆಗೆಯುತ್ತಿದ್ದವನು ಅಂತೋಣಿ, ನಮ್ಮ ಟೆಸ್ಟರ್, ಗುತ್ತಿಗೆಯ ಮೇಲೆ ಇದ್ದವನು. ಚಾಂಪಿಯನ್ ರೀಫ್ಸ್‌ನವನು, ಗಣಿ ಕಾರ್ಮಿಕನ ಮಗ. ಅವನ ಎಡಗೈ ಹೆಬ್ಬೆರಳಿನ ಉಗುರು ಎಂದೋ ಜಜ್ಜಿ ಕಪ್ಪಾಗಿತ್ತು. ಎಲ್ಲ ಫೋಟೋಗಳ ಮೂಲೆಯಲ್ಲೂ ಪ್ಲೇಟು ಹಿಡಿದ ಆ ಹೆಬ್ಬೆರಳು ಇರುತ್ತಿತ್ತು.

ಸೊನ್ನೆಗಳ ಮೊದಲ ಫೋಟೋ ಹೋದ ದಿನವೇ ಇನ್‌ಸ್ಪೆಕ್ಟರ್ ಖುದ್ದಾಗಿ ಬಂದರು.

“ಇದೇನಮ್ಮ, ಬರೀ ಸೊನ್ನೆ?”

“ವಿಳಾಸ ಮುಚ್ಚಿದ್ದೀವಿ ಸರ್. ಹೊರಗಿನೋರಿಗೆ ಕಾಣಬಾರದು ಅಂತ.”

“ನಾನು ಹೊರಗಿನೋನಾ?”

“ನಿಮಗೆ ಅದ್ರಿಂದ ಏನು ಉಪಯೋಗ ಸರ್?”

“ಉಪಯೋಗ ಆಮೇಲೆ. ಮುಳ್ಳು ಸೊನ್ನೆ ಮೇಲೆ ನಿಂತಿರೋ ಮೀಟರನ್ನ ನಾನು ನನ್ ಸರ್ವೀಸಲ್ಲಿ ಯಾವತ್ತಾದ್ರೂ ಪಾಸ್ ಮಾಡಿದ್ದೀನಾ? ಸೊನ್ನೆ ಅಂದ್ರೆ ಸತ್ತಿದೆ ಅಂತ. ಜೀವ ಇದ್ರೆ ಏನಾದ್ರೂ ತೋರಿಸ್ಲಿ.”

ಅವರ ಮೇಲೆ ನನಗೆ ಇವತ್ತಿಗೂ ಅಷ್ಟು ಸಿಟ್ಟಿಲ್ಲ. ಜೀವನವೆಲ್ಲ ಮುಳ್ಳು ನೋಡಿದವರು. ಸಿಟ್ಟು ಇರುವುದು ಮ್ಯಾನೇಜರ ಮೇಲೆ. ಆತನಿಗೆ ಅರ್ಥವಾಗುತ್ತಿತ್ತು.

“ಮೇಡಂ, ಅವರಿಗೆ ನಂಬರ್ ಬೇಕಂತೆ. ಕೊಟ್ಬಿಡಿ. ಲಾರಿ ಕಾಯ್ತಿದೆ.”

“ಅವರಿಗೆ ಕೊಟ್ರೆ ಎಲ್ಲರಿಗೂ ಕೊಟ್ಟ ಹಾಗೆ ಸರ್. ಇದೇ ಸಾಫ್ಟ್‌ವೇರ್ ಕ್ವಾರಿಗೆ ಹೋಗತ್ತೆ. ಪರೀಕ್ಷೆಗೆ ಒಂದು, ಹೊರಗೆ ಕಳಿಸೋಕೆ ಒಂದು, ಎರಡು ಮಾಡ್ತೀನಿ.”

“ಎರಡೆರಡು ಮಾಡ್ಬೇಡಿ, ಆಮೇಲೆ ಯಾವುದು ಎಲ್ಲಿಗೆ ಹೋಯ್ತು ಅಂತ ಹುಡುಕ್ತಾ ಕೂರ್ಬೇಕು. ಎಲ್ಲರೂ ಅಂದ್ರೆ ಯಾರ್ರೀ? ಕ್ಯಾಬಿನ್ನಲ್ಲಿ ಕೂರೋನು ಡ್ರೈವರು. ನಿಮ್ಮ ಹದಿನಾರು ಅಂಕಿ ಓದ್ತಾ ಕೂರ್ತಾನಾ?”

ನಾನು ಆಕ್ಷೇಪಣೆಯನ್ನು ಮೇಲ್ ಮಾಡಿದೆ. ಆತ ಎರಡು ಮೇಜು ದಾಟಿ ಬಂದು, “ಮೇಲ್ ಎಲ್ಲ ಬೇರೆ ಊರಲ್ಲಿರೋರಿಗೆ ಮೇಡಂ, ನಾವು ಒಂದೇ ಮನೆಯೋರು” ಎಂದು ನಕ್ಕರು. ಆ ನಗು ಚೆನ್ನಾಗಿ ನೆನಪಿದೆ. ಸೆಟ್ಟಿಂಗ್ ತೆಗೆದದ್ದು ಅದೇ ಮಧ್ಯಾಹ್ನವೋ ಮಾರನೆಯ ದಿನವೋ ನೆನಪಿಲ್ಲ.

ಮುಂದೆ ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಬಂತು. ಅದರಲ್ಲಿ ಒಂದು ಜಾಣತನ ಇತ್ತು. ಲಾಗಿನಲ್ಲಿ ವಿಳಾಸವನ್ನು ನೇರವಾಗಿ ಹಾಕದೆ ಕಲಸಿ ಹಾಕುತ್ತದೆ. ನೋಡಲು ಉದ್ದನೆಯ ಸಂಖ್ಯೆಯೇ. ಎರಡು ಕಡೆ ಒಂದೇ ವಸ್ತುವಿನ ಮಾತು ಬಂದರೆ ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ, ಆದ್ದರಿಂದ ತಪ್ಪು ಹುಡುಕುವವರಿಗೆ ತೊಂದರೆ ಇಲ್ಲ. ಆದರೆ ಆ ಸಂಖ್ಯೆಯಿಂದ ನಿಜವಾದ ಜಾಗ ತಿಳಿಯುವುದಿಲ್ಲ. ನಾನು ಹಿಗ್ಗಿದೆ. ಇನ್‌ಸ್ಪೆಕ್ಟರಿಗೆ ಬೇಕಾದದ್ದು ಸೊನ್ನೆಯಲ್ಲದ ಏನಾದರೂ. ನನಗೆ ಬೇಕಾದದ್ದು ವಿಳಾಸವಲ್ಲದ ಏನಾದರೂ. ಇಬ್ಬರಿಗೂ ಆಯಿತು.

ಮ್ಯಾನೇಜರ್ ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಅಂದರು: “ಅಂದ್ರೆ ಇನ್‌ಸ್ಪೆಕ್ಷನ್ನಿಗೆ ಸುಳ್ಳು ನಂಬರ್ ತೋರಿಸೋದು.”

“ಸುಳ್ಳಲ್ಲ ಸರ್, ಮುಚ್ಚಿದ ನಂಬರ್.”

“ಅದು ನಿಜವಾದ ವಿಳಾಸನಾ?”

“ಅಲ್ಲ.”

“ಮತ್ತೆ ಸುಳ್ಳೇ ತಾನೆ? ನಾಳೆ ಗೊತ್ತಾದ್ರೆ ಕಂಪನಿ ಮೋಸ ಮಾಡ್ತು ಅಂತಾರೆ. ನಾನು ಅಂಥವನಲ್ಲ ಮೇಡಂ. ನನ್ನ ಹತ್ರ ಎಲ್ಲ ಓಪನ್.”

ಪ್ರಾಮಾಣಿಕತೆಯ ಬಗ್ಗೆ ನನಗೆ ಪಾಠ ಹೇಳಿ, ಕಲಸುವುದನ್ನೂ ನಿಲ್ಲಿಸಿದರು. ನಿಮ್ಮಲ್ಲಿ ಯಾರಿಗಾದರೂ ಇಂಥ ಪ್ರಾಮಾಣಿಕ ಮೇಲಧಿಕಾರಿ ಸಿಕ್ಕರೆ ಗಟ್ಟಿಯಾಗಿ ಜಗಳವಾಡಿ. ನಾನು ಮೆಲ್ಲಗೆ ಆಡಿದೆ.

ಕಲಸುವುದನ್ನು ನಿಲ್ಲಿಸಿದರೆ ಹೊಸ ಆವೃತ್ತಿ ಸುಮ್ಮನಿರುವುದಿಲ್ಲ. ಅದನ್ನು ಬರೆದವರಿಗೆ ನಮ್ಮಂಥವರು ಇರುತ್ತಾರೆಂದು ಗೊತ್ತಿತ್ತು. ಚಾಲೂ ಆಗುವಾಗ ನಕ್ಷತ್ರ ಗುರುತುಗಳಿಂದ ಕಟ್ಟಿದ ದೊಡ್ಡ ಚೌಕವೊಂದು ಪರದೆಯ ಮೇಲೆ ಬರುತ್ತದೆ. ಒಳಗೆ ಎಚ್ಚರಿಕೆ: ಈ ಸಿಸ್ಟಂ ತನ್ನ ಮೆಮೊರಿ ವಿಳಾಸಗಳನ್ನು ಬಯಲು ಮಾಡುತ್ತಿದೆ, ಕರ್ನಲ್ಲಿನ ತಪ್ಪು ಹುಡುಕುವ ಕೆಲಸದಲ್ಲಿ ನೀವು ಇಲ್ಲವಾದರೆ ಕೂಡಲೇ ಸಂಬಂಧಪಟ್ಟವರಿಗೆ ತಿಳಿಸಿ. ಇಂಗ್ಲಿಷಿನಲ್ಲಿ ಇರುತ್ತದೆ. ಅಂತೋಣಿ ಬೆರಳಿಟ್ಟು ಓದಿದ. ಓದಿ ನನ್ನ ಮೇಜಿಗೆ ಬಂದ.

“ಮೇಡಂ, ಕೂಡ್ಲೇ ತಿಳಿಸಿ ಅಂತ ಐತೆ. ತಿಳಿಸ್ತಾ ಇದೀನಿ.”

“ಯಾರಿಗೆ ತಿಳಿಸ್ತಿದ್ದೀಯ?”

“ನಿಮ್ಗೇ. ಬೇರೆ ಯಾರವ್ರೆ ಇಲ್ಲಿ? ಅವ್ರಿಗೆ ತಿಳಿಸಿದ್ರೆ ನಂಗೇ ತಿಳಿಸ್ತಾರೆ.” ಮ್ಯಾನೇಜರ ಕೋಣೆಯ ಕಡೆಗೆ ಗಲ್ಲ ಎತ್ತಿದ.

ನಾನು ಹೋಗಿ ಹೇಳಿದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರೂ ಫೋನ್ ಮಾಡಿ ಫೋಟೋದಲ್ಲಿ ಇದೇನು ಡಬ್ಬ ಎಂದು ಕೇಳಿದ್ದರಂತೆ.

“ಆ ಡಬ್ಬ ತೆಗೆಸಿ,” ಅಂದರು ಮ್ಯಾನೇಜರ್.

“ಡಬ್ಬ ತೆಗೆಯೋದಲ್ಲ ಸರ್. ಅದು ಯಾಕೆ ಬಂತೋ ಅದನ್ನ ತೆಗೀಬೇಕು.”

“ಅದು ಬಾಯಿ ಮುಚ್ಚಿದ್ರೆ ಸಾಕು.”

ವಿಳಾಸ ಬಯಲಾಗಿಯೇ ಇರಲಿ, ಬಯಲಾಗಿದೆ ಎನ್ನುವ ಮಾತು ಮಾತ್ರ ಬೇಡ. ನಾನು ಒಪ್ಪಲಿಲ್ಲ. ಪಕ್ಕದ ವಿಭಾಗದ ಪ್ರೋಗ್ರಾಮರ್ ಒಬ್ಬರು ಆ ಚೌಕವನ್ನು ಅಳಿಸಿದರು. ಅವರಿಗೆ ಅದು ಒಂದು ಚಹಾ ಕುಡಿಯುವ ಹೊತ್ತಿನ ಕೆಲಸ.

ಇಷ್ಟೆಲ್ಲ ನಡೆಯುವಾಗ ಗೇಟಿನಲ್ಲಿ ಭದ್ರತೆ ಜೋರಾಗಿತ್ತು. ಹೊರಗೆ ಹೋಗುವಾಗ ಬ್ಯಾಗು ಬಿಚ್ಚಬೇಕು, ಊಟದ ಡಬ್ಬಿ ತೆಗೆದು ತೋರಿಸಬೇಕು, ಗುತ್ತಿಗೆಯವರಾದರೆ ಕೈ ಎತ್ತಿ ನಿಲ್ಲಬೇಕು. ಕೈ ಎತ್ತಿ ನಿಂತುಕೊಂಡೇ ಅಂತೋಣಿ ನನ್ನ ಕಡೆ ತಿರುಗಿ ತಮಿಳು ಬೆರೆಸಿ ಅನ್ನುತ್ತಿದ್ದ: “ಎನ್ನ ಮೇಡಂ ಇದು. ನಮ್ಮಪ್ಪನ್ನೂ ಇಂಗೇ ನೋಡೋರು. ಗಣಿಯಿಂದ ಮೇಲಕ್ಕೆ ಬಂದ್ರೆ ಬಾಯಿ ತೆಗಿ, ತಲೆ ಕೆದ್ರು. ಅಲ್ಲಿ ಚಿನ್ನ ಇತ್ತು, ನೋಡಿದ್ರು. ಇಲ್ಲಿ ಮುಳ್ಳಂಗಿ ಸಾಂಬಾರು.” ಗಾರ್ಡೂ ನಗುತ್ತಿದ್ದ, ಡಬ್ಬಿಯನ್ನೂ ನೋಡುತ್ತಿದ್ದ.

ಕ್ಯಾಸಂಬಳ್ಳಿ ಕಡೆಯ ಮುನಿವೆಂಕಟಪ್ಪ ಒಂದು ಕಲ್ಲು ಕ್ವಾರಿಯಲ್ಲಿ ನಮ್ಮ ಪೆಟ್ಟಿಗೆ ಇದ್ದ ಲೋಡರ್ ಓಡಿಸುತ್ತಿದ್ದರು. ಅಂಚಿನಲ್ಲಿ ಬಂಡೆ ಎತ್ತುವಾಗ ಯಂತ್ರ ಮಗ್ಗುಲಾಗಿ ಬಿತ್ತು. ಜೀವ ಉಳಿಯಿತು, ಸೊಂಟ ಮುರಿಯಿತು. ನಾನು ನೋಡಲು ಹೋದಾಗ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಪೆಟ್ಟಿಗೆಯ ಕಂಪನಿಯವಳು ಎಂದು ಹೇಳಿದೆ.

“ಅದು ಕಿರಚ್ಲಿಲ್ಲ ಕಣಮ್ಮ,” ಅಂದರು. “ದಿನಾ ಒಂದು ಕಲ್ಲು ಜಾಸ್ತಿ ಆದ್ರೂ ಎಂಡ್ರಂಗೆ ಬಯ್ಯೋದು. ಅವತ್ತು ಬಾಯಿ ಮುಚ್ಕಂಡು ಕೂತಿತ್ತು. ಸುಮ್ಕೆ ಐತಲ್ಲ, ಬಾರ ಸರಿಯಾಗೈತೆ ಅಂದ್ಕಂಡೆ. ನಾನು ಅದನ್ನ ನಂಬಿದ್ದೆ.”

ಅವರ ಹೆಂಡತಿ ಒಳಗಿನಿಂದ, “ಎಂಡ್ರು ಬಯ್ದ್ರೆ ಯಾವತ್ತು ಕೇಳಿದ್ಯ, ಅದರ ಮಾತು ಕೇಳಾಕೆ” ಅಂದರು. ಮುನಿವೆಂಕಟಪ್ಪ ನಗಲು ಹೋಗಿ ಸೊಂಟ ಹಿಡಿದುಕೊಂಡರು.

ಆದದ್ದು ಇಷ್ಟು. ಹೆಚ್ಚು ಕಲ್ಲು ಹೇರಲು ಪೆಟ್ಟಿಗೆ ಅಡ್ಡಿ ಎಂದು ಕ್ವಾರಿಯ ಮಾಲೀಕ ಒಬ್ಬನನ್ನು ಕರೆಸಿದ್ದ. ಯಂತ್ರಗಳ ಬೀಗ ಬಿಡಿಸಿಕೊಡುವುದೇ ಅವನ ಕಸುಬು. ಕ್ಯಾಬಿನ್ನಿನಲ್ಲಿ ರಿಪೇರಿಯವರಿಗೆಂದು ಇಟ್ಟ ಕಿಂಡಿಗೆ ಅವನು ಲ್ಯಾಪ್‌ಟಾಪಿನ ವೈರು ಚುಚ್ಚಿದ. ಆ ಕಿಂಡಿಯಿಂದ ಲಾಗ್ ಓದಬಹುದು, ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಾಗದು. ಆದರೆ ಲಾಗಿನಲ್ಲಿ ಕರ್ನಲ್ ತನ್ನ ಅಂದಿನ ವಿಳಾಸಗಳನ್ನು ತಾನೇ ಬರೆದಿಟ್ಟಿತ್ತು. ಲೋಕಕ್ಕೆಲ್ಲ ಗೊತ್ತಿದ್ದ ಹಳೆಯ ಬಿರುಕೊಂದನ್ನು ನಾವು ಮುಚ್ಚಿರಲಿಲ್ಲ. ಬಿರುಕಿಗೆ ಕೈ ಹಾಕಿದ, ವಿಳಾಸ ನೋಡಿ ಹಿಡಿಯಬೇಕಾದಲ್ಲಿ ಹಿಡಿದ, ಭಾರದ ಮಿತಿಯನ್ನೂ ಕಿರುಚುವ ಬಾಯನ್ನೂ ತೆಗೆದುಹಾಕಿದ.

ಅವನು ಸಿಕ್ಕಿಬಿದ್ದ. ಅವನ ಫೋನಿನಲ್ಲಿ ನಮ್ಮ ಲಾಗಿನ ಒಂದು ಫೋಟೋ ಇತ್ತು. ಮೂಲೆಯಲ್ಲಿ ಕಪ್ಪು ಉಗುರಿನ ಹೆಬ್ಬೆರಳು.

ಅಂತೋಣಿ ಇನ್‌ಸ್ಪೆಕ್ಟರಿಗೆ ಕಳಿಸಿದ ಫೋಟೋ ಅವರ ಕಚೇರಿಯ ಗುಂಪಿಗೆ, ಅಲ್ಲಿಂದ ರಿಪೇರಿಯವರ ಗುಂಪಿಗೆ, ಅಲ್ಲಿಂದ ಇನ್ನೆಲ್ಲಿಗೋ ಹೋಗಿತ್ತು. ಕಳಿಸು ಎಂದವರು ನಾವೇ. ಕಳಿಸದಿದ್ದರೆ ಲಾರಿ ನಿಲ್ಲಿಸುತ್ತಿದ್ದವರೂ ನಾವೇ. ಆದರೆ ಕಂಪನಿಗೆ ಈಗ ಒಂದು ಹೆಬ್ಬೆರಳು ಸಿಕ್ಕಿತ್ತು. ಮ್ಯಾನೇಜರ್ ಅದೇ ವಾರ ಹೆಡ್ ಆಫೀಸಿಗೆ ಬರೆದು ಕಳಿಸಿದರು: ಪರೀಕ್ಷಾ ವಿಭಾಗದ ಗುತ್ತಿಗೆ ನೌಕರನಿಂದ ವಿಳಾಸಗಳು ಸೋರಿಹೋಗಿವೆ.

ವಿಚಾರಣೆಗೆ ಹೆಡ್ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಅಂತೋಣಿಗೆ ಕುರ್ಚಿ ಹಾಕಿರಲಿಲ್ಲ. ನಾನು ಇನ್ನೊಂದು ಕುರ್ಚಿ ಎಳೆದುಕೊಟ್ಟೆ. ಅವನು ಕೂರಲಿಲ್ಲ.

ನನ್ನ ವಾದ ಸರಳ ಇತ್ತು. ಕ್ವಾರಿಗೆ ಹೋದ ಕಂತಿನದೇ ಇನ್ನೊಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದೆ. ಲಾಗ್ ಬಂತು. ಪರದೆಯ ಮೇಲಿನ ವಿಳಾಸ ಒಂದನ್ನು ಅಧಿಕಾರಿಯ ಕೈಯಲ್ಲೇ ಬರೆಸಿದೆ. ಪೆಟ್ಟಿಗೆ ಆರಿಸಿ ಮತ್ತೆ ಚಾಲೂ ಮಾಡಿದೆ. ಅದೇ ಸಾಲಿನಲ್ಲಿ ಈಗ ಬೇರೆ ಸಂಖ್ಯೆ. ಮತ್ತೊಮ್ಮೆ ಮಾಡಿದೆ. ಮತ್ತೊಂದು ಸಂಖ್ಯೆ.

“ಪ್ರತಿ ಸಲ ಬದಲಾಗತ್ತೆ ಸರ್. ಆ ಫೋಟೋದಲ್ಲಿರೋದು ಇಲ್ಲಿ ಈ ಶೆಡ್ಡಿನಲ್ಲಿ ಪೆಟ್ಟಿಗೆ ಚಾಲೂ ಆಗಿದ್ದಾಗಿನ ವಿಳಾಸ. ಕ್ವಾರಿಯಲ್ಲಿ ಚಾಲೂ ಆದಾಗ ಅದು ಕೆಲಸಕ್ಕೆ ಬರಲ್ಲ. ಫೋಟೋ ಇಟ್ಟುಕೊಂಡು ಆ ಮನುಷ್ಯ ಏನೂ ಮಾಡೋಕೆ ಆಗ್ತಿರಲಿಲ್ಲ. ಅವನಿಗೆ ಬೇಕಾಗಿದ್ದು ಆ ಹೊತ್ತಿನ ವಿಳಾಸ. ಅದನ್ನ ಕೊಟ್ಟಿದ್ದು ಅಂತೋಣಿ ಅಲ್ಲ, ಪೆಟ್ಟಿಗೆ.”

“ಪೆಟ್ಟಿಗೆ ಯಾರಿಗೆ ಬೇಕಾದ್ರೂ ಕೊಡತ್ತಾ?” ಎಂದು ಅಧಿಕಾರಿ ಕೇಳಿದರು.

ಅಷ್ಟರಲ್ಲಿ ಕ್ಯಾಂಟೀನಿನ ಪಾಪಮ್ಮ ಚಹಾ ತಂದಿದ್ದರು. ನಾನು ಅವರ ಕೈಯಿಂದ ತಟ್ಟೆ ಇಸಿದುಕೊಂಡು, ವೈರಿನ ತುದಿ ಕೊಟ್ಟು, ಕಿಂಡಿ ತೋರಿಸಿದೆ.

“ನಾನ್ಯಾಕಮ್ಮಯ್ಯ? ಮುರ್ದೋದ್ರೆ?”

“ಮುರಿಯಲ್ಲ ಪಾಪಮ್ಮ. ಚುಚ್ಚಿ, ಆ ದೊಡ್ಡ ಗುಂಡಿ ಒತ್ತಿ.”

ಚುಚ್ಚಿದರು, ಒತ್ತಿದರು. ಲ್ಯಾಪ್‌ಟಾಪಿನ ಪರದೆಯ ತುಂಬ ವಿಳಾಸಗಳು ಸುರಿದವು. ಪಾಪಮ್ಮ ಬೆಚ್ಚಿ ಕೈ ಹಿಂದೆಗೆದುಕೊಂಡರು. ಆಮೇಲೆ ಅಂತೋಣಿಯನ್ನು ನೋಡಿದರು.

“ಇಷ್ಟೇನಾ? ಇದ್ಕಾ ಈ ಉಡ್ಗನ್ನ ನಿಲ್ಸವ್ರೆ? ಇದು ನಾನು ಮುಟ್ಟಕ್ಕೆ ಮುಂಚೆನೇ ವಾಂತಿ ಮಾಡ್ಕಂತಲ್ಲಪ್ಪ!”

ಬೀಳ್ಕೊಡುಗೆಯ ದಿನ ಈ ಕಥೆ ಹೇಳುವಾಗ, ಇಲ್ಲಿ ನಾನು ಮೇಜು ಗುದ್ದಿದೆ ಎಂದು ಹೇಳಿದೆ. ಚಪ್ಪಾಳೆಯೂ ಬಿತ್ತು. ಅಂತೋಣಿಯ ಪ್ರಕಾರ ಯಾರೂ ಏನನ್ನೂ ಗುದ್ದಲಿಲ್ಲ. ನಾನು ಎಷ್ಟು ಮೆಲ್ಲಗೆ ಮಾತಾಡಿದೆನೆಂದರೆ ಅಧಿಕಾರಿ ಇನ್ನೊಮ್ಮೆ ಹೇಳಿ ಅಂದರಂತೆ. ಅವನ ಮಾತೇ ನಿಜ ಇರಬೇಕು.

ಅಧಿಕಾರಿ ಮ್ಯಾನೇಜರ ಕಡೆ ತಿರುಗಿ, ಇದನ್ನು ಯಾರೂ ತಿಳಿಸಿರಲಿಲ್ಲವೇ ಎಂದು ಕೇಳಿದರು.

“ಟೆಸ್ಟರ್ ತಿಳಿಸಬೇಕಿತ್ತು ಸರ್,” ಅಂದರು ಮ್ಯಾನೇಜರ್.

“ತಿಳಿಸಿದ. ನನಗೆ. ನಾನು ನಿಮಗೆ. ನೀವು ಡಬ್ಬ ತೆಗೆಸಿ ಅಂದ್ರಿ,” ಅಂದೆ.

“ನನಗೆ ನೆನಪಿಲ್ಲ ಮೇಡಂ.”

ನನ್ನ ನೆನಪನ್ನು ನಾನೇ ನಂಬುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಆದರೆ ಮರೆವಿನಲ್ಲಿ ಇಷ್ಟು ಅಚ್ಚುಕಟ್ಟನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಲಾರಿ ನೆನಪಿತ್ತು, ಇನ್‌ಸ್ಪೆಕ್ಟರ್ ನೆನಪಿತ್ತು, ಪ್ರಾಮಾಣಿಕತೆ ನೆನಪಿತ್ತು. ಆ ಒಂದು ಮಾತಿನ ಜಾಗದಲ್ಲಿ ಮಾತ್ರ ಸೊನ್ನೆ. ನನ್ನ ಮೇಲ್ ತೆರೆದು ತೋರಿಸಿದೆ. ಅದು ಹಳೆಯ ಆವೃತ್ತಿಯ ವಿಷಯ, ಇದಕ್ಕೆ ಸಂಬಂಧವಿಲ್ಲ ಅಂದರು. ಒಂದೇ ಮನೆಯವರೆಂದು ಆಮೇಲಿನದನ್ನು ನಾನು ಬಾಯಲ್ಲೇ ಹೇಳಿದ್ದೆ.

ಅಧಿಕಾರಿ ಚಹಾ ಕುಡಿದು ಮುಗಿಸಿದರು. “ತಾಂತ್ರಿಕ ವಿಷಯ ನೀವು ನೋಡಿಕೊಳ್ಳಿ. ನನ್ನ ಪ್ರಶ್ನೆ ಒಂದೇ. ಫೋಟೋದಲ್ಲಿರೋ ಕೈ ಯಾರದ್ದು?”

ಅಂತೋಣಿ ತನ್ನ ಎಡಗೈ ಎತ್ತಿದ. ಗೇಟಿನಲ್ಲಿ ದಿನಾ ಎತ್ತುತ್ತಿದ್ದ ಹಾಗೆ.

“ನಂದೇ ಸಾರ್. ಪ್ಲೇಟ್ ಇಡ್ಕೋ ಅಂದ್ರು, ಇಡ್ಕೊಂಡೆ.”

ಅವನ ಗುತ್ತಿಗೆ ಮುಂದುವರಿಯಲಿಲ್ಲ. ಕಳವು ಸಾಬೀತಾಗಿದೆ ಎಂದು ಯಾರೂ ಎಲ್ಲೂ ಹೇಳಲಿಲ್ಲ. ಸಾಬೀತಾಗಿಲ್ಲ ಎಂದೂ ಹೇಳಲಿಲ್ಲ. ಫೋಟೋ ಮಾತ್ರ ಹಲಗೆಗೆ ಬಂತು.

ಪೆಟ್ಟಿಗೆಗೆ ಕಂಪನಿ ಹುಡುಕಿದ ಪರಿಹಾರವನ್ನೂ ಕೇಳಿ. ವಿಳಾಸ ಮುಚ್ಚಲಿಲ್ಲ. ಕಿಂಡಿಗೆ ಗಟ್ಟಿಯಾಗುವ ಪುಟ್ಟಿ ಮೆತ್ತಿದರು. ಕಿಂಡಿ ಇಲ್ಲದೆ ರಿಪೇರಿ ಮಾಡುವುದು ಹೇಗೆ? ರಿಪೇರಿಯವರು ಸ್ಕ್ರೂಡ್ರೈವರಿನಿಂದ ಪುಟ್ಟಿ ಕೆರೆದು ತೆಗೆದರು. ಕಂಪನಿ ಇನ್ನೂ ದಪ್ಪ ಮೆತ್ತಿತು. ಹೀಗೆ ಕೆಲಕಾಲ ಮೆತ್ತುವುದೂ ಕೆರೆಯುವುದೂ ನಡೆಯಿತು. ಆಮೇಲೆ ವಿದೇಶದ ಗಿರಾಕಿ ಒಬ್ಬರು, ವಿಳಾಸ ಬಯಲಾಗುವ ಪೆಟ್ಟಿಗೆಯನ್ನು ಕೊಳ್ಳುವುದಿಲ್ಲ ಎಂದರು. ಒಂದೇ ದಿನದಲ್ಲಿ ಸೆಟ್ಟಿಂಗ್ ಬದಲಾಯಿತು. ಎಲ್ಲ ಕಡೆ ಹದಿನಾರು ಸೊನ್ನೆ. ಇನ್‌ಸ್ಪೆಕ್ಟರಿಗೆ ಬೇರೆ ಪರೀಕ್ಷೆ ಮಾಡಿಕೊಟ್ಟರು, ಅವರೂ ಒಪ್ಪಿದರು. ಮೊದಲೇ ಯಾರಾದರೂ ಕೂತು ಮಾತಾಡಿದ್ದರೆ ಮೊದಲೇ ಒಪ್ಪುತ್ತಿದ್ದರು. ಮ್ಯಾನೇಜರ್ ಹೊಸಬರನ್ನೆಲ್ಲ ಸೇರಿಸಿ, ಕರ್ನಲ್ಲಿನ ವಿಳಾಸಗಳನ್ನು ಯಾಕೆ ಮುಚ್ಚಬೇಕು ಎಂದು ಭಾಷಣ ಮಾಡಿದರು. ಚೆನ್ನಾಗಿ ಮಾಡಿದರು. ಸುರಂಗದ ಹೋಲಿಕೆಯನ್ನೂ ಕೊಟ್ಟರು, ಅದು ನನ್ನದು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕೆಲಸ ಸರಿಯಾಯಿತಲ್ಲ, ಸಂತೋಷಪಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ.

ನನ್ನ ಕೊನೆಯ ದಿನ ಗೇಟಿನಲ್ಲಿ ಗಾರ್ಡು ಹಾರವನ್ನೂ ಎತ್ತಿ ಕೆಳಗೆ ನೋಡಿದ. ನೋಡಿ ಮುಗಿಸಿ ಸಲಾಂ ಹೊಡೆದ. ಆಗ ನಾನು ಹಲಗೆಯ ಹತ್ತಿರ ಹೋಗಿ ಅಂತೋಣಿಯ ಫೋಟೋ ಕಿತ್ತು ಊಟದ ಡಬ್ಬಿಗೆ ಹಾಕಿಕೊಂಡು ನಡೆದೆ. ಆ ಗೇಟಿನಿಂದ ನಾನು ಹೊರಗೆ ತಂದದ್ದು ಅದೊಂದೇ. ಗಾರ್ಡು ಆ ಕಡೆ ತಿರುಗಿಕೊಂಡ.

ಹೀಗೆಂದು ಬರೆದು, ಅಂತೋಣಿಯನ್ನು ಮನೆಗೆ ಕರೆಸಿ ಓದಿ ಹೇಳಿದೆ. ಅವನೀಗ ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ರಿಪೇರಿ ಮಾಡುತ್ತಾನೆ. ಸ್ಕೂಟರಿನಲ್ಲಿ ಆ ಗೇಟಿನ ಮುಂದೆಯೇ ಓಡಾಡುತ್ತಾನೆ. ಕೇಳುತ್ತಾ ಕೇಳುತ್ತಾ ಅಲ್ಲಲ್ಲಿ ನಕ್ಕ. ಪಾಪಮ್ಮನ ಮಾತಿಗೆ ಜೋರಾಗಿ ನಕ್ಕ. ಫೋಟೋದ ಜಾಗ ಬಂದಾಗ ಕೈ ಅಡ್ಡ ಹಿಡಿದ.

“ಪೂರ್ತಿ ಬರ್ಲಿಲ್ಲ ಮೇಡಂ.”

“ಏನು ಬರಲಿಲ್ಲ?”

“ಫೋಟೋ. ಗೋಂದು ಗಟ್ಟಿ ಹಾಕವ್ರೆ. ನೀವು ಕಿತ್ತಿದ್ದು ಮುಖ ಮಾತ್ರ. ಕೆಳಗಡೆ ಪಟ್ಟಿ ಅಂಗೇ ಐತೆ. ನನ್ನೆಸ್ರು, ಅಪ್ಪನ ಎಸ್ರು, ಕಳವು. ಇವತ್ತೂ ನೋಡ್ಕೊಂಡು ಬಂದೆ.”

ಎದ್ದು ಹೋಗಿ ಡಬ್ಬಿ ತೆಗೆದು ನೋಡಿದೆ. ಮುಖ, ಕುತ್ತಿಗೆ, ಅಂಗಿಯ ಮೊದಲ ಗುಂಡಿ. ಅಲ್ಲಿಗೆ ಹರಿದಿತ್ತು. ಇಷ್ಟು ದಿನ ನನ್ನ ನೆನಪಿನಲ್ಲಿ ಅದು ಇಡಿಯಾಗಿ ಬಂದಿತ್ತು.

ಕ್ಷಮಿಸು ಎನ್ನುವ ಬದಲು ಸಂಪಾದಕರ ವಿಷಯ ಎತ್ತಿದೆ. ಎಲ್ಲರ ಹೆಸರನ್ನೂ ತೆಗೆದಿದ್ದೇವೆ, ನಿನ್ನದನ್ನೂ ಬದಲಿಸಿಬಿಡುತ್ತೇನೆ, ನಿನಗೆ ತೊಂದರೆಯಾಗುವುದು ಬೇಡ ಅಂದೆ.

“ಅವ್ರುದೆಲ್ಲ ಮುಚ್ಚಿ ಮೇಡಂ, ಬೇಜಾರಿಲ್ಲ,” ಅಂದ. ಹೆಬ್ಬೆರಳಿನ ಉಗುರನ್ನು ತೋರುಬೆರಳಿನಿಂದ ಉಜ್ಜುತ್ತಿದ್ದ. “ನಂದು ಸೊನ್ನೆ ಮಾಡ್ಬೇಡಿ. ಗೇಟಲ್ಲಿ ಅವ್ರು ಪೂರ್ತಿ ಬರ್ದವ್ರೆ. ಅಪ್ಪನ ಎಸ್ರೂ ಹಾಕವ್ರೆ. ನೀವೂ ಪೂರ್ತಿ ಬರೀರಿ.”

ಬರೆಯುತ್ತೇನೆ. ಅಂತೋಣಿರಾಜ್, ತಂದೆ ಸವರಿಮುತ್ತು, ಚಾಂಪಿಯನ್ ರೀಫ್ಸ್. ಕದಿಯಲಿಲ್ಲ.